ಬೆಟ್ಟ ಹತ್ತುವಾಗ ಇಲ್ಲದ ತೊಡೆ ನೋವು ಇಳಿದ ಎರಡು ದಿನಕ್ಕೆ ಏಕೆ ಬಂತು?

ಪ್ರಶ್ನೆ: ನನಗೆ 46 ವರ್ಷ. ವಿಜಯನಗರದಲ್ಲಿ ಮನೆ, ಶಾಲೆಯಲ್ಲಿ ಟೀಚರ್. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ವಾಕ್ ಮಾಡುತ್ತೇನೆ. ಕಳೆದ ಭಾನುವಾರ ಮನೆಯವರೆಲ್ಲ ಶಿವಗಂಗೆಗೆ ಹೋಗಿದ್ದೆವು. ಹತ್ತುವಾಗ ಏದುಸಿರು ಬಂತು, ಆದರೆ ಕಾಲಿಗೆ ಏನೂ ಆಗಲಿಲ್ಲ. ಇಳಿಯುವಾಗ ಉಸಿರು ಆರಾಮಾಗಿತ್ತು, ಕಾಲು ಮಾತ್ರ ಗಡಗಡ ನಡುಗುತ್ತಿತ್ತು. ಸೋಮವಾರ ಸ್ವಲ್ಪ ಬಿಗಿತ. ಮಂಗಳವಾರ ಬೆಳಿಗ್ಗೆ ಮಂಚದಿಂದ ಏಳಲಿಕ್ಕೇ ಆಗಲಿಲ್ಲ. ಎರಡೂ ತೊಡೆಯ ಮುಂಭಾಗ ಮುಟ್ಟಿದರೆ ನೋವು. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹೇಗೋ ಹತ್ತುತ್ತೇನೆ, ಇಳಿಯಬೇಕಾದರೆ ರೇಲಿಂಗ್ ಹಿಡಿದು ಅಡ್ಡಡ್ಡ ಹೆಜ್ಜೆ ಹಾಕಬೇಕು. ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂರುವುದಂತೂ ಬೇಡವೇ ಬೇಡ. ಜಿಮ್‌ಗೆ ಹೋಗುವ ಮಗ ‘ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ, ಚೆನ್ನಾಗಿ ನೀರು ಕುಡಿ’ ಅನ್ನುತ್ತಾನೆ. ಶಾಲೆಯಲ್ಲಿ ಒಬ್ಬರು ‘ಸ್ನಾಯು ಹರಿದಿದೆ, ಎಂಆರ್‌ಐ ಮಾಡಿಸಿ’ ಅಂತ ಹೆದರಿಸಿದರು. ಅತ್ತೆ ಹರಳೆಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸಿಕೋ ಅನ್ನುತ್ತಾರೆ. ಮೆಡಿಕಲ್ ಶಾಪಿನವರು ದಿನಕ್ಕೆರಡರಂತೆ ನೋವಿನ ಮಾತ್ರೆ ಕೊಟ್ಟಿದ್ದಾರೆ. ಎರಡು ವರ್ಷದಿಂದ ಕೊಲೆಸ್ಟ್ರಾಲ್ ಮಾತ್ರೆ ಬೇರೆ ತೆಗೆದುಕೊಳ್ಳುತ್ತಿದ್ದೇನೆ, ಅದರಿಂದ ಇರಬಹುದಾ? ಮಂಡಿ ಸವೆದಿದೆಯಾ? ಡಿಸೆಂಬರ್‌ನಲ್ಲಿ ನಮ್ಮ ಟೀಚರ್‌ಗಳೆಲ್ಲ ಸಾವನದುರ್ಗಕ್ಕೆ ಹೊರಟಿದ್ದಾರೆ. ಇನ್ನು ಎರಡು ತಿಂಗಳಿದೆ. ನಾನು ಹೋಗಲಾ, ಬೇಡವಾ?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಹತ್ತುವಾಗ ಏದುಸಿರು, ಕಾಲು ಆರಾಮು. ಇಳಿಯುವಾಗ ಉಸಿರು ಆರಾಮು, ಕಾಲು ನಡುಕ. ಇದನ್ನು ಇಷ್ಟು ಸರಿಯಾಗಿ ಗಮನಿಸಿ ಹೇಳುವವರು ಕಡಿಮೆ. ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ಗೆ ಮಂಗಳವಾರ, ಬುಧವಾರ ಗೋಡೆ ಹಿಡಿದುಕೊಂಡು ಬರುವವರು ಇದ್ದೇ ಇರುತ್ತಾರೆ. ವೀಕೆಂಡಿನಲ್ಲಿ ನಂದಿ ಬೆಟ್ಟವೋ, ಸ್ಕಂದಗಿರಿಯೋ, ಶಿವಗಂಗೆಯೋ ಮುಗಿಸಿ ಬಂದವರು. ‘ಅಷ್ಟೆಲ್ಲ ಹತ್ತಿದ್ದಕ್ಕೆ ಹೀಗಾಯ್ತು’ ಅಂತಲೇ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಈ ನೋವು ಬಂದಿದ್ದು ಇಳಿದಿದ್ದಕ್ಕೆ.

ವಿವರಕ್ಕೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಮೂತ್ರದ ಬಣ್ಣ ನೋಡಿ. ಮಾಮೂಲಿ ಹಳದಿ ಇದ್ದರೆ ನಿಶ್ಚಿಂತೆಯಿಂದ ಮುಂದೆ ಓದಿ. ಕಾಫಿ ಡಿಕಾಕ್ಷನ್ ಅಥವಾ ಕೋಲಾ ಬಣ್ಣಕ್ಕೆ ತಿರುಗಿದ್ದರೆ, ಮೂತ್ರವೇ ತೀರಾ ಕಡಿಮೆಯಾಗಿದ್ದರೆ, ತೊಡೆ ಊದಿ ಬಿಗಿದುಕೊಂಡಿದ್ದರೆ, ಕಾಲೆತ್ತುವ ಶಕ್ತಿಯೇ ಹೋಗಿದ್ದರೆ ಇದನ್ನು ಇಲ್ಲಿಗೇ ಬಿಟ್ಟು ಇವತ್ತೇ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಸ್ನಾಯುವಿನ ಜೀವಕೋಶಗಳು ದೊಡ್ಡ ಪ್ರಮಾಣದಲ್ಲಿ ಒಡೆದು, ಒಳಗಿನ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುವ ರಾಬ್ಡೋಮಯೊಲಿಸಿಸ್ ಅದಾಗಿರಬಹುದು. ಅಪರೂಪ, ಆದರೆ ನಾಳೆ ನೋಡೋಣ ಅನ್ನುವಂಥದ್ದಲ್ಲ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿದ್ದರೂ ಅಷ್ಟೇ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗ ಹಾಗಾಗುತ್ತದೆ, ಅದನ್ನೂ ತಕ್ಷಣ ತೋರಿಸಬೇಕು.

ನೀವು ಬರೆದಿರುವುದರಲ್ಲಿ ಇವು ಯಾವುವೂ ಇಲ್ಲ. ಎರಡೂ ಕಡೆ ನೋವು, ಒತ್ತಿದರೆ ನೋವು, ಮೊದಲ ದಿನಕ್ಕಿಂತ ಎರಡನೇ ದಿನ ಜಾಸ್ತಿ. ಇದು ತಡವಾಗಿ ಬರುವ ಸ್ನಾಯು ನೋವು, ನಾವು ಡಾಮ್ಸ್ ಅನ್ನುತ್ತೇವೆ. 24ರಿಂದ 72 ಗಂಟೆಯೊಳಗೆ ಜೋರಾಗಿ, ಸಾಮಾನ್ಯವಾಗಿ ಒಂದು ವಾರದಲ್ಲಿ ತಾನಾಗೇ ಹೋಗುತ್ತದೆ. ಹೊಸ ಕಾಯಿಲೆ ಏನಲ್ಲ. ಅಮೆರಿಕದ ಥಿಯೋಡರ್ ಹಫ್ 1902ರಲ್ಲೇ ಇದರ ಬಗ್ಗೆ ಬರೆದಿದ್ದ. ಸುಸ್ತಿನ ನೋವು ಬೇರೆ, ಈ ನೋವು ಬೇರೆ, ಇಲ್ಲಿ ಸ್ನಾಯುವಿನ ಒಳಗೇ ಏನೋ ಸಣ್ಣದಾಗಿ ಹರಿದಿರಬೇಕು ಅನ್ನುವುದು ಅವನ ಊಹೆ. ಬಹುಮಟ್ಟಿಗೆ ಸರಿಯಾದ ಊಹೆ.

ಈಗ ಇಳಿಯುವುದು ಏಕೆ ಬೇರೆ ಅನ್ನುವುದಕ್ಕೆ ಬರೋಣ. ಮೂಳೆಗೆ ಅಂಟಿಕೊಂಡ ಸ್ನಾಯುಗಳು ನಮ್ಮ ಮೈಯಲ್ಲಿ 600ಕ್ಕೂ ಜಾಸ್ತಿ ಇವೆ. ಮೈತೂಕದಲ್ಲಿ ಸುಮಾರು ಶೇ 30ರಿಂದ 40ರಷ್ಟು ಇವುಗಳದ್ದೇ. ಇಷ್ಟೆಲ್ಲ ಸ್ನಾಯುಗಳಿಗೆ ಗೊತ್ತಿರುವ ಕೆಲಸ ಒಂದೇ, ಎಳೆಯುವುದು. ತಳ್ಳಲು ಯಾವುದಕ್ಕೂ ಬರುವುದಿಲ್ಲ. ನೀವು ಬಾಗಿಲು ತಳ್ಳುವಾಗಲೂ ತೋಳಿನ ಹಿಂಭಾಗದ ಟ್ರೈಸೆಪ್ಸ್ ಮೊಣಕೈಯ ಮೂಳೆಯನ್ನು ತನ್ನ ಕಡೆ ಎಳೆಯುತ್ತದೆ, ಕೈ ನೆಟ್ಟಗಾಗುತ್ತದೆ, ಬಾಗಿಲು ಆ ಕಡೆ ಹೋಗುತ್ತದೆ. ಎಳೆಯಲು ಮಾತ್ರ ಬರುವುದರಿಂದ ಕೀಲನ್ನು ಮಡಚಲು ಒಂದು ಕಡೆ ಸ್ನಾಯು ಬೇಕು, ಬಿಡಿಸಲು ಇನ್ನೊಂದು ಕಡೆ ಬೇಕು. ಒಂದು ಎಳೆಯುವಾಗ ಇನ್ನೊಂದು ಸಡಿಲವಾಗಬೇಕು. ಅದನ್ನು ನರಗಳು ನೋಡಿಕೊಳ್ಳುತ್ತವೆ, ನೀವು ಯೋಚನೆ ಮಾಡುವ ಅಗತ್ಯವೇ ಇಲ್ಲ.

ನಿಮಗೆ ನೋಯುತ್ತಿರುವುದು ಕ್ವಾಡ್ರಿಸೆಪ್ಸ್, ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳ ಗುಂಪು. ಮೂರು ತೊಡೆಮೂಳೆಯಿಂದ ಹೊರಡುತ್ತವೆ, ಒಂದು ಸೊಂಟದ ಮೂಳೆಯಿಂದ. ಮಂಡಿಯ ಮೇಲ್ಭಾಗಕ್ಕೆ ಬರುವಷ್ಟರಲ್ಲಿ ನಾಲ್ಕೂ ಸೇರಿ ಒಂದೇ ದಪ್ಪ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ ಆಗುತ್ತದೆ. ಮಂಡಿಚಿಪ್ಪು ಕೂತಿರುವುದು ಆ ಟೆಂಡನ್ನಿನ ಒಳಗೇ. ಚಿಪ್ಪಿನಿಂದ ಎರಡು ಮೂರು ಬೆರಳು ಕೆಳಗೆ, ಕಣಕಾಲಿನ ಮೂಳೆಯ ಮೇಲೆ ಒಂದು ಉಬ್ಬು ಕೈಗೆ ಸಿಗುತ್ತದೆ ನೋಡಿ, ಅಲ್ಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಕ್ವಾಡ್ರಿಸೆಪ್ಸ್ ಚಿಕ್ಕದಾದರೆ ಆ ಉಬ್ಬು ಮೇಲಕ್ಕೆ ಎಳೆಯಲ್ಪಟ್ಟು ಮಂಡಿ ನೆಟ್ಟಗಾಗುತ್ತದೆ. ಮೆಟ್ಟಿಲು ಹತ್ತುವುದು ಅಂದರೆ ಇದೇ. ಪಿರ್ರೆಯ ದೊಡ್ಡ ಸ್ನಾಯು ಸೊಂಟವನ್ನು, ಕ್ವಾಡ್ರಿಸೆಪ್ಸ್ ಮಂಡಿಯನ್ನು, ಮೀನಖಂಡ ಪಾದವನ್ನು ನೆಟ್ಟಗೆ ಮಾಡಿ ನಿಮ್ಮನ್ನು ಮೇಲಕ್ಕೆತ್ತುತ್ತವೆ. ಕೆಲಸ ಮೂರು ಜಾಗಕ್ಕೆ ಹಂಚಿಹೋಗುತ್ತದೆ.

ಇಳಿಯುವಾಗ ಏನಾಗುತ್ತದೆ? ನೋವು ಕಡಿಮೆಯಾದ ಮೇಲೆ ಇದನ್ನು ಮನೆಯಲ್ಲೇ ಮಾಡಿ ನೋಡಿ. ಕುರ್ಚಿಗೆ ಬೆನ್ನು ಮಾಡಿ ನಿಂತು, ಎರಡೂ ಅಂಗೈಯನ್ನು ತೊಡೆಯ ಮುಂಭಾಗದ ಮೇಲಿಟ್ಟು, ಐದು ಎಣಿಸುವಷ್ಟು ನಿಧಾನವಾಗಿ ಕೂತುಕೊಳ್ಳಿ. ಮಂಡಿ ಮಡಚುತ್ತಿದೆ. ಮಂಡಿ ಮಡಚುವ ಸ್ನಾಯು ಇರುವುದು ತೊಡೆಯ ಹಿಂಭಾಗದಲ್ಲಿ, ಹ್ಯಾಮ್‌ಸ್ಟ್ರಿಂಗ್. ಹಾಗಿದ್ದರೆ ಹಿಂಭಾಗ ಗಟ್ಟಿಯಾಗಬೇಕಿತ್ತು ಅಲ್ವಾ? ಆದರೆ ನಿಮ್ಮ ಅಂಗೈ ಕೆಳಗೆ ಮುಂಭಾಗವೇ ಗಟ್ಟಿಯಾಗುತ್ತದೆ. ಅರ್ಧ ಕೂತಾಗ ನಿಂತುಬಿಡಿ, ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮಂಡಿಯನ್ನು ಮಡಚುತ್ತಿರುವುದು ನಿಮ್ಮ ಮೈಭಾರ. ನೀವು ದೊಪ್ಪನೆ ಬೀಳದ ಹಾಗೆ ತಡೆದು ಹಿಡಿದಿರುವುದು ಕ್ವಾಡ್ರಿಸೆಪ್ಸ್. ಅದು ಎಳೆಯುತ್ತಲೇ ಇದೆ, ಆದರೆ ಭಾರವೇ ಜಾಸ್ತಿ ಇರುವುದರಿಂದ ಎಳೆಯುತ್ತಾ ಎಳೆಯುತ್ತಾ ಉದ್ದವಾಗುತ್ತಿದೆ. ಚಿಕ್ಕದಾಗುತ್ತಾ ಮಾಡುವ ಕೆಲಸಕ್ಕೆ ಕಾನ್ಸೆಂಟ್ರಿಕ್ ಅಂತ ಹೆಸರು, ಹೀಗೆ ಉದ್ದವಾಗುತ್ತಾ ಮಾಡುವ ಕೆಲಸಕ್ಕೆ ಎಕ್ಸೆಂಟ್ರಿಕ್ ಅಂತ.

ಶಿವಗಂಗೆಯ ಪ್ರತಿ ಮೆಟ್ಟಿಲಿನಲ್ಲೂ ಇದೇ ನಡೆದಿದೆ. ಎಡಗಾಲು ಕೆಳಗಿನ ಮೆಟ್ಟಿಲು ಮುಟ್ಟುವವರೆಗೆ ಬಲಗಾಲು ಒಂದೇ ನಿಮ್ಮ ಪೂರ್ತಿ ಭಾರವನ್ನು ಹೊತ್ತು ಮೆಲ್ಲಗೆ ಮಡಚುತ್ತದೆ. ಆಮೇಲೆ ಎಡಗಾಲಿನ ಸರದಿ. ಅಲ್ಲಿ ಕಲ್ಲಿನಲ್ಲಿ ಕಡಿದ ಮೆಟ್ಟಿಲುಗಳು ಒಂದೇ ಎತ್ತರ ಇಲ್ಲ, ಕೆಲವಂತೂ ಮನೆ ಮೆಟ್ಟಿಲಿಗಿಂತ ಎಷ್ಟೋ ಎತ್ತರ. ಎತ್ತರ ಹೆಚ್ಚಿದಷ್ಟೂ ಮಂಡಿ ಜಾಸ್ತಿ ಮಡಚಬೇಕು, ಸ್ನಾಯು ಜಾಸ್ತಿ ಉದ್ದವಾದ ಸ್ಥಿತಿಯಲ್ಲಿ ಭಾರ ತಡೆಯಬೇಕು. ಪೆಟ್ಟು ಬೀಳುವುದು ಅಲ್ಲೇ.

ಇನ್ನೂ ಒಳಗೆ ಹೋಗಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸ್ನಾಯು ಅಂದರೆ ಸಾವಿರಾರು ಉದ್ದುದ್ದ ಎಳೆಗಳ ಕಟ್ಟು. ಒಂದೊಂದು ಎಳೆಯೊಳಗೂ ಸಾರ್ಕೊಮಿಯರ್ ಅನ್ನುವ ಪುಟ್ಟ ಪುಟ್ಟ ಘಟಕಗಳು ತುದಿಯಿಂದ ತುದಿಗೆ ಸಾಲಾಗಿ ಜೋಡಿಸಿಕೊಂಡಿವೆ. ಒಂದೊಂದರ ಉದ್ದ ಹೆಚ್ಚೂಕಡಿಮೆ 2ರಿಂದ 2.5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅಂದರೆ ಒಂದು ಸೆಂಟಿಮೀಟರ್ ಎಳೆಯಲ್ಲಿ 4,000ಕ್ಕೂ ಹೆಚ್ಚು. ಪ್ರತಿ ಸಾರ್ಕೊಮಿಯರ್‌ನಲ್ಲಿ ಎರಡು ಬಗೆಯ ತಂತುಗಳಿವೆ, ತೆಳ್ಳನೆಯ ಆ್ಯಕ್ಟಿನ್ ಮತ್ತು ದಪ್ಪನೆಯ ಮಯೋಸಿನ್. ನರದಿಂದ ಸಂಕೇತ ಬಂದಾಗ ಎಳೆಯ ಒಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಆಗ ಮಯೋಸಿನ್‌ನ ತಲೆಗಳು ಆ್ಯಕ್ಟಿನ್ ಅನ್ನು ಹಿಡಿದು, ಒಂದಿಷ್ಟು ಜಗ್ಗಿ, ಬಿಟ್ಟು, ಮುಂದಕ್ಕೆ ಹಿಡಿಯುತ್ತವೆ. ಹಿಡಿದಿದ್ದನ್ನು ಬಿಡುವುದಕ್ಕೆ ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ರಾಸಾಯನಿಕ ಬೇಕು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು ಎಟಿಪಿ ಮುಗಿದು ಹಿಡಿತ ಬಿಡಲಾಗದೆ ಇರುವುದರಿಂದಲೇ. ತಂತುಗಳು ತಾವು ಕುಗ್ಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ ಅನ್ನುವುದನ್ನು 1954ರಲ್ಲಿ ಎರಡು ಬೇರೆ ಬೇರೆ ತಂಡಗಳು ಒಟ್ಟೊಟ್ಟಿಗೆ ಪ್ರಕಟಿಸಿದವು. ಒಂದರಲ್ಲಿ ಆ್ಯಂಡ್ರೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗೆರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಇಬ್ಬರು ಹಕ್ಸ್‌ಲಿಗಳೂ ಸಂಬಂಧಿಕರಲ್ಲ.

ಬಾವಿಯಿಂದ ತುಂಬಿದ ಕೊಡ ಸೇದುವಾಗ ಒಂದು ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಎಳೆಯುತ್ತೇವೆ. ಉಸಿರು ಹೋಗುತ್ತದೆ, ಅಂಗೈಗೆ ಏನೂ ಆಗುವುದಿಲ್ಲ. ಅದೇ ಭಾರದ ಕೊಡವನ್ನು ಹಗ್ಗ ಬಿಡುತ್ತಾ ಕೆಳಗಿಳಿಸಿ ನೋಡಿ. ಏದುಸಿರು ಬರುವುದಿಲ್ಲ, ಆದರೆ ಹಗ್ಗ ಅಂಗೈಯನ್ನು ಉಜ್ಜಿಕೊಂಡು ಜಾರುತ್ತದೆ. ಎಕ್ಸೆಂಟ್ರಿಕ್ ಕೆಲಸದಲ್ಲಿ ಮಯೋಸಿನ್ ತಲೆಗಳಿಗೆ ಆಗುವುದು ಇದೇ. ತಾವಾಗಿ ಹಿಡಿತ ಬಿಡುವ ಮೊದಲೇ ಭಾರ ಅವುಗಳನ್ನು ಕಿತ್ತುಕೊಂಡು ಹೋಗುತ್ತದೆ. ಅದರ ಜೊತೆಗೆ ಇನ್ನೊಂದು ವಿಷಯ. ಒಂದೇ ಭಾರವನ್ನು ಎತ್ತುವುದಕ್ಕಿಂತ ಇಳಿಸುವುದಕ್ಕೆ ನರವ್ಯವಸ್ಥೆ ಕಡಿಮೆ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ಆಮ್ಲಜನಕದ ಖರ್ಚು ಕಡಿಮೆ, ಆದ್ದರಿಂದ ನಿಮ್ಮ ಉಸಿರು ಆರಾಮಾಗಿತ್ತು. ಆದರೆ ಪೂರ್ತಿ ಭಾರ ಬಿದ್ದಿದ್ದು ಆ ಕೆಲವೇ ಎಳೆಗಳ ಮೇಲೆ.

ಇದನ್ನು ಜನರ ಕಣ್ಣೆದುರೇ ತೋರಿಸಿದ ಪ್ರಯೋಗ ಒಂದಿದೆ, ನನಗೆ ತುಂಬಾ ಇಷ್ಟವಾದದ್ದು. 1952ರಲ್ಲಿ ಅಬಟ್, ಬ್ರೆಂಡಾ ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ಮೂವರು ಎರಡು ಸೈಕಲ್‌ಗಳನ್ನು ಹಿಂದುಮುಂದಾಗಿ ಒಂದೇ ಚೈನಿಗೆ ಸೇರಿಸಿದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ತಮ್ಮ ಕಡೆಗೆ ಹಿಂದಕ್ಕೆ ತಿರುಗಿ ಬರುವ ಪೆಡಲನ್ನು ಕಾಲಿನಿಂದ ತಡೆಯಬೇಕು. ಇಬ್ಬರ ಬಲವೂ ಸಮ, ವೇಗವೂ ಸಮ. ತುಳಿಯುವವರು ಬೆವರಿ ಏದುಸಿರು ಬಿಟ್ಟರೆ ತಡೆಯುವವರಿಗೆ ಅದರ ಒಂದು ಸಣ್ಣ ಪಾಲಿನಷ್ಟು ಆಮ್ಲಜನಕ ಸಾಕಾಗುತ್ತಿತ್ತು. ಲಂಡನ್‌ನಲ್ಲಿ ಇದನ್ನು ಪ್ರದರ್ಶಿಸಿದಾಗ ದೊಡ್ಡ ಮೈಕಟ್ಟಿನ ಗಂಡಸು ಎಷ್ಟು ತುಳಿದರೂ ಸಣ್ಣ ಮೈಕಟ್ಟಿನ ಹೆಂಗಸು ಸಲೀಸಾಗಿ ತಡೆದರು. ನೀವು ಹತ್ತುವಾಗ ಮೊದಲನೇ ಸೈಕಲ್ಲಿನಲ್ಲಿದ್ದಿರಿ, ಇಳಿಯುವಾಗ ಎರಡನೆಯದರಲ್ಲಿ.

ಹೀಗೆ ಕಿತ್ತುಬಂದಾಗ ಕೆಲವು ಸಾರ್ಕೊಮಿಯರ್‌ಗಳು ಅತಿಯಾಗಿ ಹಿಗ್ಗಿ ಜೋಡಣೆ ತಪ್ಪುತ್ತವೆ. ಎಳೆಯ ಸುತ್ತಲಿನ ಪೊರೆಯಲ್ಲಿ ಸಣ್ಣ ಬಿರುಕು ಬೀಳುತ್ತದೆ. ಬಲ ಅಲ್ಲೇ, ಆಗಲೇ ಇಳಿದುಬಿಡುತ್ತದೆ. ನಿಮ್ಮ ಕಾಲು ನಡುಗಿದ್ದು ಅದಕ್ಕೆ. ನೋವು ಮಾತ್ರ ತಡ. ಕೆಟ್ಟ ಭಾಗವನ್ನು ತೆಗೆದು ಹಾಕಲು ರಕ್ಷಣಾ ಕೋಶಗಳು ಬರಬೇಕು, ಉರಿಯೂತ ಶುರುವಾಗಬೇಕು, ಆ ರಾಸಾಯನಿಕಗಳಿಂದ ನೋವಿನ ನರಗಳು ಸೂಕ್ಷ್ಮವಾಗಬೇಕು. ಇಷ್ಟಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಸುಮ್ನೆ ಕೂತಿದ್ದರೆ ನೋವಿಲ್ಲ, ಮುಟ್ಟಿದರೆ ನೋವು ಅನ್ನುವುದು ಅದರಿಂದಲೇ.

ಇಲ್ಲಿ ಒಂದು ಎಚ್ಚರಿಕೆ. ನೋವು ಹೋದ ಮೇಲೂ ಬಲ ಪೂರ್ತಿ ವಾಪಸ್ ಬರಲು ಇನ್ನೂ ಕೆಲವು ದಿನ ಬೇಕಾಗಬಹುದು. ಈ ವಾರ ಬಾತ್‌ರೂಮಿನಲ್ಲಿ, ಸ್ಕೈವಾಕ್ ಇಳಿಯುವಾಗ, ಬಿಎಂಟಿಸಿ ಬಸ್ಸಿನಿಂದ ಇಳಿಯುವಾಗ ಕಂಬಿ ಹಿಡಿದೇ ಇಳಿಯಿರಿ. ಟೂ ವೀಲರ್ ಓಡಿಸುವವರಾದರೆ ಸಿಗ್ನಲ್‌ನಲ್ಲಿ ಕಾಲು ಊರುವಾಗ ಗಮನ ಇರಲಿ.

ದಿನಾ ವಾಕ್ ಮಾಡುವ ನನಗೆ ಹೀಗೇಕೆ ಆಯಿತು ಅನ್ನುವ ಬೇಜಾರು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಸಮತಟ್ಟಾದ ಪಾರ್ಕಿನಲ್ಲಿ ನಡೆಯುವಾಗ ಭಾರ ಹೊತ್ತ ಮಂಡಿ ಮಡಚುವುದು 15ರಿಂದ 20 ಡಿಗ್ರಿಯಷ್ಟು ಮಾತ್ರ. ಮೆಟ್ಟಿಲು ಇಳಿಯುವಾಗ ಅದು 80, 90 ಡಿಗ್ರಿಯ ಹತ್ತಿರ ಹೋಗುತ್ತದೆ. ವಾಕಿಂಗ್ ನಿಮ್ಮ ಹೃದಯಕ್ಕೆ, ಶ್ವಾಸಕೋಶಕ್ಕೆ, ಶುಗರ್‌ಗೆ ಒಳ್ಳೆಯದು ಮಾಡಿದೆ, ಹತ್ತಲು ಸಾಧ್ಯವಾಗಿದ್ದೇ ಅದರಿಂದ. ಇಳಿಯುವುದಕ್ಕೆ ಬೇಕಾದ ತಯಾರಿ ಮಾತ್ರ ಅದರಲ್ಲಿ ಸಿಗುವುದಿಲ್ಲ.

ಮಗನ ಲ್ಯಾಕ್ಟಿಕ್ ಆಸಿಡ್ ಮಾತು ಜಿಮ್‌ಗಳಲ್ಲಿ ಎಲ್ಲರ ಬಾಯಲ್ಲೂ ಇದೆ, ಅವನ ತಪ್ಪೇನಿಲ್ಲ. ಜೋರಾಗಿ ಕೆಲಸ ಮಾಡುವಾಗ ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಏರುವುದು ನಿಜ. ಆದರೆ ನಿಲ್ಲಿಸಿದ ಒಂದು ಗಂಟೆಯ ಆಸುಪಾಸಿನಲ್ಲಿ ಅದು ಮೊದಲಿನ ಮಟ್ಟಕ್ಕೆ ಬಂದುಬಿಡುತ್ತದೆ. ಹೃದಯ, ಲಿವರ್, ಬೇರೆ ಸ್ನಾಯುಗಳು ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತವೆ. ನೀವು ಬೆಟ್ಟದಿಂದ ಇಳಿದು ಡಾಬಸ್‌ಪೇಟೆಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಅದು ಹೆಚ್ಚೂಕಡಿಮೆ ಮುಗಿದಿತ್ತು. ಮಂಗಳವಾರದ ನೋವಿಗೆ ಅದು ಕಾರಣ ಆಗಲಾರದು. 1983ರಲ್ಲಿ ಟ್ರೆಡ್‌ಮಿಲ್ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಸಮತಟ್ಟಿನಲ್ಲಿ ಓಡಿದವರ ಲ್ಯಾಕ್ಟೇಟ್ ಏರಿತು, ಆಮೇಲೆ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದವರ ಲ್ಯಾಕ್ಟೇಟ್ ಏರಲಿಲ್ಲ, ನೋವು ಬಂತು. ನೀರು ಖಂಡಿತ ಕುಡಿಯಿರಿ, ಕಿಡ್ನಿಗೆ ಒಳ್ಳೆಯದು. ಆಸಿಡ್ ತೊಳೆದುಹೋಗುತ್ತದೆ ಅಂತ ಕುಡಿಯಬೇಡಿ ಅಷ್ಟೇ.

ಎಂಆರ್‌ಐ ಈಗ ಬೇಡ. ನಿಜವಾಗಿ ಸ್ನಾಯು ಹರಿದಿದ್ದರೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಚಟ್ ಅಂದ ಹಾಗಾಗುತ್ತದೆ, ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿ. ಒಂದೆರಡು ದಿನಕ್ಕೆ ಅಲ್ಲಿ ನೀಲಿಗಟ್ಟಬಹುದು, ಮುಟ್ಟಿದರೆ ತಗ್ಗು ಸಿಗಬಹುದು. ನಿಮಗೆ ಇಡೀ ತೊಡೆ, ಎರಡೂ ಕಡೆ. ಸ್ಕ್ಯಾನ್ ಮಾಡಿಸಿದರೆ ಸ್ನಾಯುವಿನಲ್ಲಿ ಊತ ಕಾಣುತ್ತದೆ. ರಿಪೋರ್ಟಿನಲ್ಲಿ ಅದನ್ನು ಓದಿ ನೀವು ಹೆದರುತ್ತೀರಿ, ಚಿಕಿತ್ಸೆ ಏನೂ ಬದಲಾಗುವುದಿಲ್ಲ.

ಮಂಡಿ ಸವೆದಿದೆಯಾ ಅಂತ ಕೇಳಿದ್ದೀರಿ. ನಿಮ್ಮ ನೋವು ತೊಡೆಯ ಮಾಂಸದಲ್ಲಿದೆ, ಕೀಲಿನಲ್ಲಿಲ್ಲ. ವಾರ ಕಳೆದ ಮೇಲೂ ಮಂಡಿಯಲ್ಲೇ ನೋವು ಉಳಿದರೆ, ಮಂಡಿ ಊದಿದರೆ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡ ಹಾಗಾದರೆ ಆಗ ತೋರಿಸಿ. ಇಳಿಯುವಾಗ ಮಂಡಿಯ ಮೇಲೆ ಭಾರ ಜಾಸ್ತಿ ಬೀಳುವುದು ಮಾತ್ರ ನಿಜ. ಸೆನ್ಸರ್ ಇರುವ ಕೃತಕ ಮಂಡಿ ಹಾಕಿಸಿಕೊಂಡವರಲ್ಲಿ ಅಳೆದು ನೋಡಿದ್ದಾರೆ. ಸಮತಟ್ಟಿನಲ್ಲಿ ನಡೆಯುವಾಗ ಮೈತೂಕದ ಎರಡೂವರೆ ಪಟ್ಟು, ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಇದರಲ್ಲಿ ದೊಡ್ಡ ಪಾಲು ಸ್ನಾಯುಗಳೇ ಎಳೆದು ಕೀಲನ್ನು ಒತ್ತುವುದರಿಂದ ಬರುವುದು. ಆರೋಗ್ಯವಾದ ಮಂಡಿ ಇದನ್ನು ತಡೆಯುತ್ತದೆ, ತೊಡೆಯಲ್ಲಿ ಬಲ ಇದ್ದರೆ ಇನ್ನೂ ಚೆನ್ನಾಗಿ.

ಕೊಲೆಸ್ಟ್ರಾಲ್ ಮಾತ್ರೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಜನ ತಪ್ಪು ಮಾಡುವುದು ಇಲ್ಲೇ. ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಥರದ ಸ್ಟ್ಯಾಟಿನ್ ಮಾತ್ರೆಗಳಿಂದ ಕೆಲವರಿಗೆ ಸ್ನಾಯು ನೋವು ಬರುತ್ತದೆ. ಅದು ಸಾಮಾನ್ಯವಾಗಿ ಮಾತ್ರೆ ಶುರು ಮಾಡಿದ ಅಥವಾ ಡೋಸ್ ಹೆಚ್ಚಿಸಿದ ಕೆಲವು ವಾರ, ತಿಂಗಳಲ್ಲಿ ಬರುತ್ತದೆ, ತೊಡೆ ಭುಜ ಎಲ್ಲ ಕಡೆ ಮಂದವಾಗಿ ನೋಯುತ್ತದೆ, ಐದು ದಿನಕ್ಕೆ ಹೋಗುವುದಿಲ್ಲ. ನಿಮಗೆ ಎರಡು ವರ್ಷ ಏನೂ ಆಗಿಲ್ಲ, ಬೆಟ್ಟ ಇಳಿದ ಎರಡು ದಿನಕ್ಕೆ ಬಂದಿದೆ. ಆದ್ದರಿಂದ ಬೆಟ್ಟದ ಮೇಲೇ ಅನುಮಾನ. ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಇತ್ತೀಚೆಗೆ ಹೊಸದಾಗಿ ಆ್ಯಂಟಿಬಯಾಟಿಕ್ ಅಥವಾ ಫಂಗಸ್ ಮಾತ್ರೆ ಶುರುವಾಗಿದ್ದರೆ ಬರೆದುಕೊಟ್ಟ ಡಾಕ್ಟರಿಗೆ ಈಗಲೇ ಫೋನ್ ಮಾಡಿ ಹೇಳಿ, ಕೆಲವು ಮಾತ್ರೆಗಳು ರಕ್ತದಲ್ಲಿ ಸ್ಟ್ಯಾಟಿನ್ ಪ್ರಮಾಣ ಏರಿಸುತ್ತವೆ. ಎರಡು ವಾರವಾದರೂ ನೋವು ಉಳಿದರೆ, ಭುಜಕ್ಕೂ ಹರಡಿದರೆ, ನೋವಿಲ್ಲದಿದ್ದರೂ ಕುರ್ಚಿಯಿಂದ ಏಳಲು ಬಲ ಸಾಲದೆ ಹೋದರೆ ಆಗ ಅವರನ್ನು ಕಾಣಲೇಬೇಕು. ಥೈರಾಯ್ಡ್ ಮತ್ತು ವಿಟಮಿನ್ ಡಿ ಕೂಡ ಅವರು ನೋಡಬಹುದು.

ಇದರ ಜೊತೆ ಇನ್ನೊಂದು ಮಾತು. ಈ ವಾರ ಸುಮ್ನೆ ಅನುಮಾನಕ್ಕೆ ಅಂತ ಸಿಪಿಕೆ (ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವ) ರಕ್ತಪರೀಕ್ಷೆ ಮಾಡಿಸಬೇಡಿ. ಬೆಟ್ಟ ಇಳಿದ ಮೇಲೆ ಅದು ಯಾರಿಗಾದರೂ ಏರಿಯೇ ಇರುತ್ತದೆ, ಆ ಸಂಖ್ಯೆ ನೋಡಿ ಒಳ್ಳೆಯ ಮಾತ್ರೆಯೊಂದನ್ನು ನಿಲ್ಲಿಸುವ ಪರಿಸ್ಥಿತಿ ಬರಬಹುದು. ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಬುಕ್ ಮಾಡಿದ್ದರೆ ಅದನ್ನೂ ಎರಡು ವಾರ ಮುಂದಕ್ಕೆ ಹಾಕಿ. ಎಸ್‌ಜಿಒಟಿ, ಎಸ್‌ಜಿಪಿಟಿ ಲಿವರ್ ಪರೀಕ್ಷೆಗಳು ಅಂತ ಎಲ್ಲರಿಗೂ ಗೊತ್ತು. ಅವುಗಳಲ್ಲಿ ಅಳೆಯುವ ಕಿಣ್ವಗಳು ಸ್ನಾಯುವಿನಲ್ಲೂ ಇವೆ, ಇಂಥ ಪೆಟ್ಟಿನ ನಂತರ ಅವೂ ಏರುತ್ತವೆ, ಆಮೇಲೆ ಇಲ್ಲದ ಲಿವರ್ ಕಾಯಿಲೆ ಹುಡುಕುತ್ತಾ ಓಡಾಡಬೇಕಾಗುತ್ತದೆ. ಮೂತ್ರದ ಬಣ್ಣ ಬದಲಾಗಿದ್ದರೆ ಮಾತ್ರ ಸಿಪಿಕೆ ಅವತ್ತೇ ಬೇಕು.

ನೋವಿಗೆ ಏನು ಮಾಡಬಹುದು? ಏನೂ ಮಾಡದಿದ್ದರೂ ಹೋಗುತ್ತದೆ. ಸಮತಟ್ಟಿನಲ್ಲಿ ನಿಧಾನವಾಗಿ ನಡೆದಾಡಿ, ಆ ಹೊತ್ತಿಗಾದರೂ ನೋವು ಇಳಿಯುತ್ತದೆ. ಇಡೀ ದಿನ ಮಲಗಿಬಿಟ್ಟರೆ ಬಿಗಿತ ಜಾಸ್ತಿ. ಅತ್ತೆಯವರ ಎಣ್ಣೆ, ಬಿಸಿನೀರು ಎರಡೂ ಸರಿಯೇ, ಮಾಲೀಶಿನಿಂದ ನೋವು ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಮೃದುವಾಗಿ. ಗಟ್ಟಿಯಾಗಿ ತಿಕ್ಕಿದರೆ ಮೊದಲೇ ಪೆಟ್ಟಾಗಿರುವ ಎಳೆಗಳಿಗೆ ಇನ್ನಷ್ಟು ಪೆಟ್ಟು. ತೊಡೆ ಎಳೆದು ಸ್ಟ್ರೆಚ್ ಮಾಡುವುದರಿಂದ ಈ ನೋವಿಗೆ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ, ನೋಯುವಷ್ಟು ಎಳೆಯಲೇಬೇಡಿ.

ಮೆಡಿಕಲ್ ಶಾಪಿನ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹೆಸರು ನೋಡಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಇದ್ದರೆ ಬಿಟ್ಟುಬಿಡುವುದು ಒಳ್ಳೆಯದು. ಹೊಟ್ಟೆಗೆ ಉರಿ ತರುತ್ತವೆ, ಬಿಪಿ ಏರಿಸಬಲ್ಲವು, ಮೈಯಲ್ಲಿ ನೀರು ಕಡಿಮೆಯಾಗಿರುವಾಗ ಕಿಡ್ನಿಗೆ ಕಷ್ಟ. ಕೊಲೆಸ್ಟ್ರಾಲ್ ಇರುವವರು ಹೃದಯದ ದೃಷ್ಟಿಯಿಂದಲೂ ಯೋಚಿಸಬೇಕು. ರಾತ್ರಿ ನಿದ್ದೆಗೇ ತೊಂದರೆಯಾದರೆ ಪ್ಯಾರಾಸಿಟಮಾಲ್ ಸಾಕು, ಒಂದೆರಡು ದಿನ, ಲಿವರ್ ತೊಂದರೆ ಇಲ್ಲದಿದ್ದರೆ. ಪ್ರೋಟೀನ್ ಪೌಡರ್ ಕೊಳ್ಳಬೇಡಿ. ಬೇಳೆ, ಕಾಳು, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಅಷ್ಟೇ ಸಾಕು. ಮಷಿನ್ ಹಚ್ಚುವ ಹತ್ತು ದಿನದ ಪ್ಯಾಕೇಜ್ ಯಾರಾದರೂ ಹೇಳಿದರೆ ಬೇಡ ಅನ್ನಿ. ನಾನು ಫಿಸಿಯೋಥೆರಪಿಸ್ಟ್ ಆಗಿಯೇ ಹೇಳುತ್ತಿದ್ದೇನೆ, ಹತ್ತನೇ ದಿನಕ್ಕೆ ಈ ನೋವು ಮಷಿನ್ ಇಲ್ಲದೆಯೂ ಇರುವುದಿಲ್ಲ.

ಇನ್ನು ಸಾವನದುರ್ಗ. ಹೋಗಿ. ಸ್ನಾಯುವಿನ ಒಂದು ಗುಣ ನಿಮ್ಮ ಪರವಾಗಿದೆ. ಒಂದು ಸಲ ಇಂಥ ಪೆಟ್ಟು ತಿಂದು ಸರಿಯಾದ ಸ್ನಾಯು, ಅದೇ ಕೆಲಸ ಮುಂದಿನ ಕೆಲವು ವಾರಗಳಲ್ಲಿ ಮತ್ತೆ ಮಾಡಿದರೆ ಅಷ್ಟು ನೋಯುವುದಿಲ್ಲ. ಆಶ್ಚರ್ಯ ಏನೆಂದರೆ ಈ ರಕ್ಷಣೆಗೆ ಮೊದಲ ಸಲ ಅಷ್ಟು ನೋವು ತಿನ್ನಲೇಬೇಕು ಅಂತಿಲ್ಲ, ಹಗುರವಾಗಿ ಮಾಡಿದರೂ ಸಿಗುತ್ತದೆ. ಶಿವಗಂಗೆಯಿಂದ ಸಿಕ್ಕಿದ್ದು ಎರಡು ತಿಂಗಳು ಪೂರ್ತಿ ಉಳಿಯುತ್ತದೆ ಅಂತ ನಂಬಿಕೊಂಡು ಕೂರಬೇಡಿ, ನಡುವೆ ನೆನಪಿಸುತ್ತಾ ಇರಬೇಕು.

ನೋವು ಪೂರ್ತಿ ಹೋದ ಮೇಲೆ ವಾರಕ್ಕೆ ಎರಡು ದಿನ, ಮೇಲೆ ಹೇಳಿದ ಹಾಗೆ ಐದು ಎಣಿಸುತ್ತಾ ಕುರ್ಚಿಯಲ್ಲಿ ಕೂರುವುದನ್ನು ಹತ್ತು ಸಲ ಮಾಡಿ, ಸ್ವಲ್ಪ ಸುಧಾರಿಸಿಕೊಂಡು ಇನ್ನು ಹತ್ತು. ಏಳುವಾಗ ಕೈ ಊರಿಕೊಂಡೇ ಎದ್ದರೂ ಪರವಾಗಿಲ್ಲ, ನಮಗೆ ಬೇಕಾಗಿರುವುದು ಕೂರುವ ಭಾಗ. ಎರಡು ವಾರ ಆದ ಮೇಲೆ ಮೆಟ್ರೋ ಸ್ಟೇಷನ್ನಿನಲ್ಲಿ ಎಲ್ಲರೂ ಮಾಡುವುದಕ್ಕೆ ಉಲ್ಟಾ ಮಾಡಿ. ಎಸ್ಕಲೇಟರ್‌ನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ಕೈ ರೇಲಿಂಗ್ ಪಕ್ಕದಲ್ಲಿರಲಿ, ಪ್ರತಿ ಮೆಟ್ಟಿಲಿಗೂ ಮಂಡಿ ನಿಧಾನವಾಗಿ ಮಡಚಲಿ. ಮರುದಿನ ಸ್ವಲ್ಪ ಬಿಗಿತ ಇದ್ದರೆ ಸರಿ, ಮುಟ್ಟಿದರೆ ನೋಯುವಷ್ಟಾದರೆ ಮುಂದಿನ ಸಲ ಕಡಿಮೆ ಮಾಡಿ. ಮಂಡಿಚಿಪ್ಪಿನ ಹಿಂದೆ ನೋವು ಬಂದರೆ ನಿಲ್ಲಿಸಿ, ಹತ್ತಿರದ ಫಿಸಿಯೋಗೆ ಒಮ್ಮೆ ತೋರಿಸಿ.

ಸಾವನದುರ್ಗ ಶಿವಗಂಗೆಯ ಹಾಗಲ್ಲ, ಅಲ್ಲಿ ಮೆಟ್ಟಿಲಿಲ್ಲ, ಕಂಬಿಯೂ ಇಲ್ಲ, ಬರೀ ಇಳಿಜಾರು ಬಂಡೆ. ಅಲ್ಲಿ ನಡುಗುವ ಕಾಲು ಇದ್ದರೆ ನೋವಿಗಿಂತ ಜಾರುವ ಭಯ ದೊಡ್ಡದು. ಚೆನ್ನಾಗಿ ಹಿಡಿತ ಇರುವ ಶೂ ಹಾಕಿ, ಎರಡು ಕೋಲು ಒಯ್ಯಿರಿ, ಇಳಿಯುವಾಗ ಕೈಗಳೂ ಒಂದಿಷ್ಟು ಭಾರ ಹೊರುತ್ತವೆ. ಬಂಡೆ ಒದ್ದೆಯಾಗಿದ್ದರೆ ಹತ್ತಲೇಬೇಡಿ. ನೇರ ಇಳಿಯುವ ಬದಲು ಅಡ್ಡಡ್ಡವಾಗಿ, ಪುಟ್ಟ ಹೆಜ್ಜೆ ಇಟ್ಟು ಇಳಿಯಿರಿ. ಮಂಡಿ ಸೆಟೆಸಬೇಡಿ. ಮೇಲೆ ತಲುಪಿದ ಮೇಲೆ ಫೋಟೋ ತೆಗೆದು ತಕ್ಷಣ ಹೊರಡುವ ಬದಲು ಅರ್ಧ ಗಂಟೆ ಕೂತು, ಏನಾದರೂ ತಿಂದು, ನೀರು ಕುಡಿದು ಆಮೇಲೆ ಇಳಿಯಿರಿ. ದಣಿದ ಸ್ನಾಯುವಿಗೆ ತಡೆಯುವ ತಾಕತ್ತು ಕಡಿಮೆ.

ಅದಕ್ಕೂ ಮುಂಚೆ ನವೆಂಬರ್‌ನಲ್ಲಿ ಒಂದು ಭಾನುವಾರ ನಂದಿ ಬೆಟ್ಟದ ಹಳೇ ಮೆಟ್ಟಿಲ ದಾರಿಯಲ್ಲಿ ಅರ್ಧ ಹತ್ತಿ, ಅಲ್ಲಿಂದಲೇ ಇಳಿದುಬನ್ನಿ. ಮಂಗಳವಾರ ಬೆಳಿಗ್ಗೆ ಮಂಚದಿಂದ ಇಳಿಯುವಾಗ ತೊಡೆ ತಕರಾರು ಮಾಡದಿದ್ದರೆ ಡಿಸೆಂಬರ್ ಟ್ರಿಪ್ಪಿಗೆ ನಿಮ್ಮ ಹೆಸರು ಕೊಡಿ. ಮಾಡಿದರೆ ಇನ್ನೆರಡು ವಾರ ಮೆಟ್ರೋ ಮೆಟ್ಟಿಲು ಮುಂದುವರಿಸಿ, ಸಾವನದುರ್ಗದಲ್ಲೂ ಅರ್ಧಕ್ಕೇ ನಿಂತು ಜೊತೆಯವರಿಗಿಂತ ಮೊದಲೇ ನಿಧಾನವಾಗಿ ಇಳಿಯಲು ಶುರು ಮಾಡಿ.